ಬುಟ್ಟಿಯಲ್ಲಿ ನಿಂತು ಆಕಾಶಕ್ಕೆ ಏರಿದ ವಿಜ್ಞಾನಿ ವಿಕ್ಟರ್ ಹೆಸ್



ಯುರೇನಿಯಂ ಹುಡುಕೋದು ಅಂದ್ರೆ ಹಾರೆ ಗುದ್ದಲಿ ಹಿಡಿದು ಗುಡ್ಡ ಅಗೆಯೋದು ಅಂತ ನಮ್ಮಲ್ಲಿ ತುಂಬಾ ಜನ ತಿಳಿದಿದ್ದಾರೆ. ಅಗೆಯುವುದು ಕೊನೆಯ ಕೆಲಸ. ಅದಕ್ಕೆ ಎಷ್ಟೋ ಮೊದಲೇ ಒಂದು ಸಣ್ಣ ವಿಮಾನವೋ ಹೆಲಿಕಾಪ್ಟರೋ ನೆಲದಿಂದ ಸುಮಾರು 100 ಮೀಟರ್ ಎತ್ತರದಲ್ಲಿ, ಹೊಲ ಉತ್ತ ಸಾಲಿನ ಹಾಗೆ ಗೆರೆ ಗೆರೆಯಾಗಿ ಹಾರುತ್ತಾ ಹೋಗುತ್ತದೆ. ಅದರ ಹೊಟ್ಟೆಯಲ್ಲಿ ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ ಉಪ್ಪಿನ ಜಾತಿಯ ದೊಡ್ಡ ದೊಡ್ಡ ಹರಳುಗಳು. ಕೆಳಗಿನ ಬಂಡೆಯಿಂದ ಬರುವ ಗ್ಯಾಮಾ ಕಿರಣ ತಾಗಿದರೆ ಹರಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮಿಂಚು ಹುಟ್ಟುತ್ತದೆ. ಯಂತ್ರ ಅದನ್ನು ಎಣಿಸುತ್ತದೆ.

ಈ ವಿಮಾನಕ್ಕೆ ಒಬ್ಬ ಮುತ್ತಜ್ಜ ಇದ್ದಾನೆ. ಅದು ಬಟ್ಟೆಯ ಬಲೂನು, ಅದಕ್ಕೆ ತೂಗು ಹಾಕಿದ ಬೆತ್ತದ ಬುಟ್ಟಿ. ಆ ಬುಟ್ಟಿಯಲ್ಲಿ ನಿಂತು, ನೆಲದ ಕಿರಣ ಮೇಲೆ ಹೋದಂತೆ ಎಷ್ಟು ಕಡಿಮೆಯಾಗುತ್ತದೆ ಅಂತ ಸರಿಯಾಗಿ ಅಳೆದು ತೋರಿಸಿದವರು ವಿಕ್ಟರ್ ಫ್ರಾಂಜ್ ಹೆಸ್. ಅವರು ಯುರೇನಿಯಂ ಹುಡುಕಲು ಹೋದವರಲ್ಲ. ಆದರೂ ಅವರ ಲೆಕ್ಕ ಇಲ್ಲದೆ ಇವತ್ತಿನ ಆ ವಿಮಾನದ ಲೆಕ್ಕ ಕೂಡುವುದಿಲ್ಲ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಹೆಸ್ ಅವರು ಹುಟ್ಟಿದ್ದು 1883ರ ಜೂನ್ 24ರಂದು, ಆಸ್ಟ್ರಿಯಾ ದೇಶದ ಸ್ಟೈರಿಯಾ ಎಂಬ ಗುಡ್ಡಗಾಡು ಪ್ರಾಂತ್ಯದ ವಾಲ್ಡ್‌ಸ್ಟೈನ್ ಎಂಬಲ್ಲಿ. ಹುಟ್ಟಿದ ಜಾಗ ಅರಮನೆ ಅಂತ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಆದರೆ ಅರಮನೆ ಅವರದಲ್ಲ. ತಂದೆ ವಿನ್ಸೆಂಜ್ ಒಬ್ಬ ರಾಜಮನೆತನದವರ ಕಾಡು ನೋಡಿಕೊಳ್ಳುವ ಅಧಿಕಾರಿ. ತಾಯಿ ಸೆರಾಫೀನ್. ಓದೆಲ್ಲ ಹತ್ತಿರದ ಗ್ರಾಜ್ ಪಟ್ಟಣದಲ್ಲಿ. 1906ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಿಂದಲೇ ಡಾಕ್ಟರೇಟ್ ಬಂತು.

ಅವರಿಗೆ ಆಸೆ ಇದ್ದದ್ದು ಬೆಳಕಿನ ವಿಜ್ಞಾನದ ಮೇಲೆ. ಬರ್ಲಿನ್‌ನಲ್ಲಿ ಪಾಲ್ ಡ್ರೂಡೆ ಎಂಬ ದೊಡ್ಡ ವಿಜ್ಞಾನಿಯ ಕೈಕೆಳಗೆ ಕಲಿಯಬೇಕು ಅಂತ ಎಲ್ಲಾ ತಯಾರಿ ಮಾಡಿಕೊಂಡಿದ್ದರು. ಅಷ್ಟರಲ್ಲಿ ಡ್ರೂಡೆ ತೀರಿಕೊಂಡರು. ಬೇರೆ ದಾರಿ ಕಾಣದೆ ಹೆಸ್ ವಿಯೆನ್ನಾಕ್ಕೆ ಹೋದರು. ಅಲ್ಲಿ ಫ್ರಾಂಜ್ ಎಕ್ಸ್‌ನರ್ ಮತ್ತು ಎಗಾನ್ ಫಾನ್ ಶ್ವೈಡ್ಲರ್ ಎಂಬ ಗುರುಗಳು ಸಿಕ್ಕರು. ಅವರಿಬ್ಬರೂ ಆಗ ಹೊಸದಾಗಿದ್ದ ವಿಕಿರಣಶೀಲತೆಯ ಬೆನ್ನು ಹತ್ತಿದವರು. ಹೀಗೆ ಬೆಳಕಿನ ಹುಡುಗ ವಿಕಿರಣದ ಹುಡುಗನಾದ. ಹೊಟ್ಟೆಪಾಡಿಗೆ ಹೆಸ್ ದನದ ಡಾಕ್ಟರುಗಳನ್ನು ತಯಾರು ಮಾಡುವ ಕಾಲೇಜಿನಲ್ಲಿ 1908ರಿಂದ ಭೌತವಿಜ್ಞಾನದ ಪಾಠ ಹೇಳುತ್ತಿದ್ದರು. 1910ರಲ್ಲಿ ವಿಯೆನ್ನಾದಲ್ಲಿ ರೇಡಿಯಂ ಸಂಶೋಧನಾ ಸಂಸ್ಥೆ ಶುರುವಾದಾಗ ಸ್ಟೆಫಾನ್ ಮೆಯರ್ ಅವರ ಸಹಾಯಕರಾಗಿ ಸೇರಿದರು.

ಈ ಸಂಸ್ಥೆ ವಿಯೆನ್ನಾದಲ್ಲೇ ಯಾಕೆ ಬಂತು ಅಂದ್ರೆ, ಬೊಹೀಮಿಯಾದ ಯೋಆಖಿಮ್‌ಸ್ಟಾಲ್ ಗಣಿ ಆಗ ಆಸ್ಟ್ರಿಯಾ ಚಕ್ರವರ್ತಿಯ ಕೈಯಲ್ಲಿತ್ತು. ಹಿಂದೆ ಬೆಳ್ಳಿ ತೆಗೆಯುತ್ತಿದ್ದ ಗಣಿ ಅದು. ಅಲ್ಲಿ ಸಿಗುವ ಪಿಚ್‌ಬ್ಲೆಂಡ್ ಎಂಬ ಕಪ್ಪು ಭಾರದ ಕಲ್ಲಿನಲ್ಲಿ ಯುರೇನಿಯಂ ಇದೆ. ಮೇರಿ ಕ್ಯೂರಿ ರೇಡಿಯಂ ಬೇರ್ಪಡಿಸಿದ್ದು ಆ ಗಣಿಯಿಂದ ಬಂದ ಕಲ್ಲಿನ ಗಸಿಯಿಂದಲೇ.

ಈಗ ಒಂದು ಒಗಟು. ಹೈಸ್ಕೂಲಿನವರು ಇಲೆಕ್ಟ್ರೋಸ್ಕೋಪ್ ಚಿತ್ರ ನೋಡಿರುತ್ತೀರಿ. ಗಾಜಿನ ಬಾಟಲಿಯೊಳಗೆ ಎರಡು ತೆಳು ಚಿನ್ನದ ಹಾಳೆ. ವಿದ್ಯುತ್ ಕೊಟ್ಟರೆ ಎರಡೂ ಜಗಳ ಆಡಿದವರ ಹಾಗೆ ದೂರ ಸರಿಯುತ್ತವೆ. ಹತ್ತಿರ ರೇಡಿಯಂ ತಂದರೆ ಅದರ ಕಿರಣಕ್ಕೆ ಗಾಳಿಯ ಕಣಗಳು ಒಡೆದು ಅಯಾನುಗಳಾಗಿ, ವಿದ್ಯುತ್ ಸೋರಿ, ಹಾಳೆಗಳು ಮತ್ತೆ ಕೂಡಿಕೊಳ್ಳುತ್ತವೆ. ಇದರಲ್ಲಿ ಒಗಟೇನು? ಹತ್ತಿರ ರೇಡಿಯಂ ಇಲ್ಲದೇ ಇದ್ದರೂ, ಎಷ್ಟೇ ಭದ್ರವಾಗಿ ಮುಚ್ಚಿಟ್ಟರೂ, ವಿದ್ಯುತ್ ನಿಧಾನವಾಗಿ ಸೋರಿಹೋಗುತ್ತಿತ್ತು. ಸುತ್ತ ಸೀಸದ ತಗಡು ಇಟ್ಟರೆ ಸೋರಿಕೆ ಸ್ವಲ್ಪ ತಗ್ಗುತ್ತಿತ್ತು, ಪೂರ್ತಿ ನಿಲ್ಲುತ್ತಿರಲಿಲ್ಲ. ಅಂದ್ರೆ ಹೊರಗಿನಿಂದ ಏನೋ ಬರುತ್ತಿದೆ. ಎಲ್ಲಿಂದ?

ನೆಲದಿಂದ ಅಂತ ಬಹಳ ಜನ ಒಪ್ಪಿದರು. ಅದರಲ್ಲಿ ನಿಜವೂ ಇತ್ತು. ಎಲ್ಲಾ ಕಲ್ಲಿನಲ್ಲೂ ಸ್ವಲ್ಪ ಯುರೇನಿಯಂ, ಸ್ವಲ್ಪ ಥೋರಿಯಂ, ಸ್ವಲ್ಪ ಪೊಟ್ಯಾಸಿಯಂ ಇದ್ದೇ ಇರುತ್ತದೆ. ನೆಲದಿಂದಲೇ ಬರುವುದಾದರೆ ಮೇಲೆ ಹೋದಂತೆ ಕಡಿಮೆ ಆಗಬೇಕು. ಥಿಯೋಡೋರ್ ವುಲ್ಫ್ ಎಂಬ ಪಾದ್ರಿ ಒಳ್ಳೆ ಗಟ್ಟಿಮುಟ್ಟಾದ ಅಳತೆಯಂತ್ರ ಮಾಡಿದ್ದರು. 1910ರಲ್ಲಿ ಅದನ್ನು ಪ್ಯಾರಿಸ್ಸಿನ ಐಫೆಲ್ ಗೋಪುರದ ತುದಿಗೆ ಹೊತ್ತುಕೊಂಡು ಹೋದರು. ಕೆಳಗೆ 6 ಇದ್ದ ಅಳತೆ ಸುಮಾರು 300 ಮೀಟರ್ ಮೇಲೆ 3.5ಕ್ಕೆ ಇಳಿಯಿತು. ಗ್ಯಾಮಾ ಕಿರಣ ಗಾಳಿಯಲ್ಲಿ ಸುಮಾರು 80 ಮೀಟರಿಗೆ ಅರ್ಧ ಆಗಬೇಕು. ಹಾಗಿದ್ದ ಮೇಲೆ 300 ಮೀಟರಿನಲ್ಲಿ ಹತ್ತರಲ್ಲಿ ಒಂದು ಪಾಲೂ ಉಳಿಯಬಾರದು. ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಗಾಕೆಲ್ ಬಲೂನಿನಲ್ಲಿ ಇನ್ನೂ ಮೇಲಕ್ಕೆ ಹೋದರು. ಅವರಿಗೂ ನಿರೀಕ್ಷೆಯಷ್ಟು ಇಳಿಕೆ ಕಾಣಲಿಲ್ಲ. ಆದರೆ ಮೇಲೆ ಗಾಳಿಯ ಒತ್ತಡ ಕಡಿಮೆಯಾದಾಗ ಯಂತ್ರದೊಳಗಿನ ಗಾಳಿಯೂ ಬದಲಾಗಿ ಅವರ ಅಳತೆ ಗಟ್ಟಿಯಾಗಿ ನಿಲ್ಲಲಿಲ್ಲ. ಇಟಲಿಯ ಡೊಮೆನಿಕೊ ಪಚೀನಿ 1911ರಲ್ಲಿ ಉಲ್ಟಾ ಕೆಲಸ ಮಾಡಿದರು. ಯಂತ್ರವನ್ನು 3 ಮೀಟರ್ ನೀರಿನೊಳಗೆ ಇಳಿಸಿದರು. ಅಳತೆ ಸುಮಾರು 20 ಶೇಕಡಾ ತಗ್ಗಿತು. ಕೆಲವು ಕಿರಣ ಮೇಲಿನಿಂದಲೂ ಬರುತ್ತಿರಬೇಕು ಅಂತ ಅವರಿಗೆ ಅನ್ನಿಸಿತು. ಪಚೀನಿ ಹೆಸರು ನಮ್ಮ ಪಠ್ಯಪುಸ್ತಕದಲ್ಲಿ ಇಲ್ಲ. ಇರಬೇಕಿತ್ತು ಅಂತ ನನ್ನ ಅಭಿಪ್ರಾಯ.

ಹೆಸ್ ಅವರ ರೀತಿ ನನಗೆ ಇಷ್ಟವಾಗುವುದು ಇಲ್ಲೇ. ಅವರು ನೇರವಾಗಿ ಬಲೂನು ಹತ್ತಲಿಲ್ಲ. ಗ್ಯಾಮಾ ಕಿರಣವನ್ನು ಗಾಳಿ ಎಷ್ಟು ಹೀರಿಕೊಳ್ಳುತ್ತದೆ ಎಂಬುದನ್ನು ಮೊದಲು ನೆಲದ ಮೇಲೇ ಅಳೆದರು. ಅವರ ಸಂಸ್ಥೆಯಲ್ಲಿ ಬೇರೆಲ್ಲೂ ಇಲ್ಲದಷ್ಟು ರೇಡಿಯಂ ಇತ್ತಲ್ಲ, ಅದನ್ನು ಒಂದು ಕಡೆ ಇಟ್ಟು, ಯಂತ್ರವನ್ನು 10 ಮೀಟರಿನಿಂದ 90 ಮೀಟರಿನ ತನಕ ದೂರ ದೂರ ಒಯ್ದು ನೋಡಿದರು. 500 ಮೀಟರ್ ಮೇಲೆ ಹೋದರೆ ನೆಲದ ಕಿರಣ ಹೆಚ್ಚುಕಡಿಮೆ ಮುಗಿದೇ ಹೋಗಬೇಕು ಅಂತ ಲೆಕ್ಕ ಸಿಕ್ಕಿತು. ಆಮೇಲೆ ಜರ್ಮನಿಯ ಬ್ರೌನ್‌ಶ್ವೈಗ್‌ನ ಕುಶಲಕರ್ಮಿಗಳಿಂದ ಗಾಳಿ ಆಡದ ಹಾಗೆ ಬಿಗಿಯಾಗಿ ಮುಚ್ಚಿದ, ದಪ್ಪ ಗೋಡೆಯ ಯಂತ್ರ ಮಾಡಿಸಿದರು. ಗಾಕೆಲ್‌ಗೆ ಆದ ತೊಂದರೆ ತನಗೆ ಆಗಬಾರದಲ್ಲ.

1911ರಲ್ಲಿ ಎರಡು ಸಲ ಹಾರಿದರು. 1912ರಲ್ಲಿ ಏಳು ಸಲ. ಏಪ್ರಿಲ್ 17ರಂದು ಸೂರ್ಯಗ್ರಹಣ ಇತ್ತು, ಬೇಕೆಂದೇ ಆ ದಿನ ಹಾರಿದರು. ಚಂದ್ರ ಅಡ್ಡ ಬಂದಾಗಲೂ ಅಳತೆ ಇಳಿಯಲಿಲ್ಲ. ರಾತ್ರಿ ಹೊತ್ತೂ ಹಾರಿದರು. ಆಗಲೂ ಇಳಿಯಲಿಲ್ಲ. ಅಲ್ಲಿಗೆ ಸೂರ್ಯನ ಮೇಲಿದ್ದ ಅನುಮಾನ ಹೋಯಿತು. ಆದರೆ ಇನ್ನೂ ಮೇಲಕ್ಕೆ ಹೋಗಬೇಕಿತ್ತು. ವಿಯೆನ್ನಾದಲ್ಲಿ ಬಲೂನಿಗೆ ತುಂಬುತ್ತಿದ್ದದ್ದು ಬೀದಿದೀಪಕ್ಕೆ ಬಳಸುವ ಕಲ್ಲಿದ್ದಲಿನ ಅನಿಲ. ಅದು ಜಲಜನಕದಷ್ಟು ಹಗುರ ಅಲ್ಲ. ಅದಕ್ಕಾಗಿ ಜಲಜನಕ ಸಿಗುವ ಔಸಿಗ್ ಎಂಬ ಊರಿಗೆ ಹೋದರು. ಈಗ ಅದು ಚೆಕ್ ಗಣರಾಜ್ಯದಲ್ಲಿದೆ, ಊಸ್ತಿ ಅಂತ ಕರೆಯುತ್ತಾರೆ.

1912ರ ಆಗಸ್ಟ್ 7. ಬೆಳಿಗ್ಗೆ 6 ಗಂಟೆ 12 ನಿಮಿಷ. 1680 ಘನ ಮೀಟರ್ ಜಲಜನಕ ಹಿಡಿಯುವ ಬಲೂನು. ಅದರ ಹೆಸರು ಬೋಮನ್, ಅಂದ್ರೆ ಬೊಹೀಮಿಯಾ. ಬುಟ್ಟಿಯಲ್ಲಿ ಮೂರು ಜನ. ಬಲೂನು ನಡೆಸಲು ಕ್ಯಾಪ್ಟನ್ ಹೋಫೊರಿ, ಹವಾಮಾನ ನೋಡಲು ವುಲ್ಫ್ ಎಂಬ ಇನ್ನೊಬ್ಬರು (ಪಾದ್ರಿ ವುಲ್ಫ್ ಬೇರೆ, ಇವರು ಬೇರೆ), ಕಿರಣ ಅಳೆಯಲು ಹೆಸ್. ಜಲಜನಕಕ್ಕೆ ಒಂದು ಕಿಡಿ ಸಾಕು ಅಂತ ನಾವು ಪ್ರಯೋಗದಲ್ಲಿ ನೋಡಿದ್ದೇವೆ. ಪರೀಕ್ಷಾನಾಳದ ಬಾಯಿಗೆ ಕಡ್ಡಿ ಹಿಡಿದರೆ ಪಟ್ ಅನ್ನುತ್ತದೆ. ಅಂಥದ್ದು 1680 ಘನ ಮೀಟರ್ ತಲೆಯ ಮೇಲೆ! ಬಲೂನಿಗೆ ಎಂಜಿನ್ ಇಲ್ಲ, ಚುಕ್ಕಾಣಿ ಇಲ್ಲ. ಮರಳಿನ ಚೀಲ ಖಾಲಿ ಮಾಡಿದರೆ ಏರುತ್ತದೆ, ಅನಿಲ ಬಿಟ್ಟರೆ ಇಳಿಯುತ್ತದೆ, ಗಾಳಿ ಬೀಸಿದ ಕಡೆ ಹೋಗುತ್ತದೆ. ಅಷ್ಟೇ.

ಹೆಸ್ ಮೂರು ಯಂತ್ರ ಇಟ್ಟುಕೊಂಡಿದ್ದರು. ಒಂದು ಕೈಕೊಟ್ಟರೆ ಇನ್ನೊಂದು ಸಾಕ್ಷಿ ಹೇಳಬೇಕು. ಮೊದಲ ಯಂತ್ರದ ಅಂಕಿಗಳನ್ನೇ ನೋಡಿ. ನೆಲದಲ್ಲಿ ಸುಮಾರು 16. ಸ್ವಲ್ಪ ಮೇಲೆ ಹೋದಾಗ 15ಕ್ಕೆ ಇಳಿಯಿತು, ಇದು ನೆಲದ ಕಿರಣ ತಗ್ಗಿದ ಲೆಕ್ಕ. 1000 ಮೀಟರ್ ದಾಟಿದ ಮೇಲೆ ಮತ್ತೆ 16. 3000 ಮೀಟರ್ ಮೇಲೆ ಸುಮಾರು 20. 4000 ಮೀಟರ್ ದಾಟಿದಾಗ 34! ನೆಲದಲ್ಲಿ ಇದ್ದದ್ದರ ಎರಡರಷ್ಟು. ಎರಡನೆಯ ಯಂತ್ರವೂ ಅದನ್ನೇ ಹೇಳಿತು. ಬಲೂನು 5350 ಮೀಟರ್ ತನಕ ಏರಿತು. ಅಲ್ಲಿ ಗಾಳಿ ತೆಳು, ಚಳಿ ಬೇರೆ. ಉಸಿರಿಗೆ ಆಮ್ಲಜನಕ ಒಯ್ದಿದ್ದರು. ಅಂಥ ಕಡೆ ನಿಂತು ಯಂತ್ರದ ಸಣ್ಣ ಮಸೂರದಲ್ಲಿ ಕಣ್ಣಿಟ್ಟು ಕೂದಲೆಳೆಯಂಥ ತಂತಿ ಎಷ್ಟು ಸರಿಯಿತು ಅಂತ ನೋಡಿ ಬರೆದುಕೊಳ್ಳಬೇಕು. ಮಧ್ಯಾಹ್ನ 12 ಗಂಟೆ ಹೊತ್ತಿಗೆ, ಸುಮಾರು 180 ಕಿಲೋಮೀಟರ್ ದೂರ ಸಾಗಿ, ಬರ್ಲಿನ್ ಪೂರ್ವಕ್ಕೆ ಪೀಸ್ಕೋ ಎಂಬಲ್ಲಿ ಬಲೂನು ನೆಲ ಮುಟ್ಟಿತು. ಹೊರಟದ್ದು ಒಂದು ದೇಶ, ಇಳಿದದ್ದು ಇನ್ನೊಂದು.

ಅಂದ್ರೆ ಆಕಾಶದ ಆಚೆಯಿಂದ, ಸೂರ್ಯನಿಗೂ ಸಂಬಂಧವಿಲ್ಲದ ಕಡೆಯಿಂದ, ಗಾಳಿಯನ್ನೇ ತೂರಿಕೊಂಡು ಬರುವ ಕಿರಣ ಒಂದಿದೆ. ಆ ವರ್ಷದ ನವೆಂಬರಿನಲ್ಲಿ ಹೆಸ್ ಇದನ್ನು ಪ್ರಕಟಿಸಿದರು. ಬಹಳ ಜನ ನಂಬಲಿಲ್ಲ. ಮುಂದೆ ವರ್ನರ್ ಕೋಲ್‌ಹೋರ್ಸ್ಟರ್ ಎಂಬ ಜರ್ಮನ್ ವಿಜ್ಞಾನಿ 9300 ಮೀಟರ್ ತನಕ ಹೋಗಿ ನೋಡಿದರು. ಹೆಸ್ ಹೇಳಿದ್ದೇ ಸರಿ ಅಂತಾಯ್ತು. ಅವರು ಹಾರಿದ ದಿನ 1914ರ ಜೂನ್ 28. ಸಮಾಜ ಪಾಠದಲ್ಲಿ ಈ ತಾರೀಖು ಓದಿದ್ದೀರಿ ಅಲ್ವಾ? ಅದೇ ದಿನ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯಾಗಿ ಮೊದಲ ಮಹಾಯುದ್ಧಕ್ಕೆ ಕಿಡಿ ಬಿತ್ತು. ಅಲ್ಲಿಗೆ ಬಲೂನು ಹಾರಾಟವೂ ನಿಂತಿತು. ಯುದ್ಧ ಮುಗಿದ ಮೇಲೆ ಅಮೆರಿಕದ ಮಿಲಿಕನ್ ಮೊದಲು ಅನುಮಾನಪಟ್ಟು, ಆಮೇಲೆ ತಾನೇ ಅಳೆದು ಒಪ್ಪಿ, 1925ರಲ್ಲಿ ಅದಕ್ಕೆ ಕಾಸ್ಮಿಕ್ ಕಿರಣ ಅಂತ ಹೆಸರಿಟ್ಟರು. ನಾವು ವಿಶ್ವಕಿರಣ ಅನ್ನುತ್ತೇವೆ. ತಮಾಷೆ ಅಂದ್ರೆ ಅಮೆರಿಕದ ಕೆಲವರು ಅದಕ್ಕೆ ಮಿಲಿಕನ್ ಕಿರಣ ಅಂತಲೇ ಕರೆಯತೊಡಗಿದರು. ಪ್ರಾಣ ಒತ್ತೆಯಿಟ್ಟು ಹಾರಿದವರು ಒಬ್ಬರು, ಹೆಸರು ಇನ್ನೊಬ್ಬರದು. ಹೆಸ್ ಸುಮ್ಮನಿರಲಿಲ್ಲ, ತಮ್ಮ ಪಾಲಿಗಾಗಿ ಬರಹದಲ್ಲೇ ವಾದ ಮಾಡಿದರು.

ಈಗ ಮೊದಲು ಹೇಳಿದ ವಿಮಾನಕ್ಕೆ ಬರೋಣ. ಅದು ಯಾಕೆ ಅಷ್ಟು ಕೆಳಗೆ ಹಾರಬೇಕು ಅಂತ ಈಗ ನಿಮಗೇ ತಿಳಿದಿರಬೇಕು. ಹೆಚ್ಚು ಮೇಲೆ ಹೋದರೆ ನೆಲದ ಕಿರಣವನ್ನು ಗಾಳಿ ನುಂಗಿಬಿಡುತ್ತದೆ. ಹರಳಿಗೆ ತಾಗಿದ ಪ್ರತಿ ಕಿರಣದ ಶಕ್ತಿಯನ್ನೂ ಯಂತ್ರ ಬೇರೆ ಬೇರೆ ಮಾಡುತ್ತದೆ. ಪೊಟ್ಯಾಸಿಯಂಗೆ 1.46, ಯುರೇನಿಯಂಗೆ 1.76, ಥೋರಿಯಂಗೆ 2.61 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಇದರಲ್ಲಿ ಒಂದು ಸೂಕ್ಷ್ಮ ಇದೆ. 1.76ರ ಕಿರಣ ಬರುವುದು ಯುರೇನಿಯಂನಿಂದಲ್ಲ, ಅದು ಸವೆದು ಸವೆದು ಹುಟ್ಟಿದ ಬಿಸ್ಮತ್ ಎಂಬ ಮರಿಮಗನಿಂದ. ಮಗುವಿನ ಅಳು ಕೇಳಿ ಮನೆಯಲ್ಲಿ ಅಜ್ಜ ಇರಬೇಕು ಅಂತ ಊಹಿಸಿದ ಹಾಗೆ. ನಡುವೆ ರೇಡಾನ್ ಎಂಬ ಅನಿಲ ಹುಟ್ಟಿ ಗಾಳಿಗೆ ಸೇರಿಕೊಂಡು ಮರಿಮಗ ಬೇರೆ ಕಡೆ ಅಳುವುದೂ ಉಂಟು. ಅದನ್ನೂ ಲೆಕ್ಕದಲ್ಲಿ ಕಳೆಯಬೇಕು.

ಇನ್ನು ಆಕಾಶದಿಂದ ಬರುವ ಹೆಸ್ ಅವರ ಕಿರಣ. ಅದೂ ಹರಳಿಗೆ ತಾಗುತ್ತದೆ, ಎತ್ತರದ ಗುಡ್ಡದ ಮೇಲೆ ಹಾರುವಾಗ ಇನ್ನೂ ಹೆಚ್ಚು ತಾಗುತ್ತದೆ. ಅದನ್ನು ಬಿಟ್ಟರೆ ಇಲ್ಲದ ಯುರೇನಿಯಂ ಇದ್ದ ಹಾಗೆ ಕಾಣುತ್ತದೆ. ಅದಕ್ಕೆ ಒಂದು ಉಪಾಯ ಉಂಟು. ನೆಲದ ಕಲ್ಲಿನಿಂದ 3 ಮಿಲಿಯನ್‌ಗಿಂತ ಹೆಚ್ಚು ಶಕ್ತಿಯ ಗ್ಯಾಮಾ ಕಿರಣ ಬರುವುದಿಲ್ಲ ಅನ್ನಬಹುದು. ಅದಕ್ಕಿಂತ ಮೇಲಿನದು ಬಂದರೆ ಅದು ಆಕಾಶದ್ದು. ಅದನ್ನು ಬೇರೆ ಎಣಿಸಿ, ಆ ಪ್ರಮಾಣದಲ್ಲಿ ಉಳಿದ ಲೆಕ್ಕದಿಂದ ಕಳೆಯುತ್ತಾರೆ. ದೊಡ್ಡ ಕೆರೆಯ ಮೇಲೂ ಒಮ್ಮೆ ಹಾರಿ ನೋಡುತ್ತಾರೆ, ಯಾಕಂದ್ರೆ ನೀರು ನೆಲದ ಕಿರಣವನ್ನು ತಡೆಯುತ್ತದೆ, ಅಲ್ಲಿ ಕಾಣುವುದು ಗಾಳಿಯದು, ಆಕಾಶದ್ದು ಮತ್ತು ವಿಮಾನದ್ದು ಮಾತ್ರ.

ಜ್ವಾಲಾಮುಖಿಯ ನಾಡಿನಲ್ಲಿ ಈ ಕೆಲಸ ಇನ್ನೂ ಕಷ್ಟ. ಲಾವಾ ಎಲ್ಲಾ ಒಂದೇ ಅಲ್ಲ. ನಮ್ಮ ಬೀದರ, ವಿಜಯಪುರ, ಬೆಳಗಾವಿ ಕಡೆಯ ಕರಿಕಲ್ಲು ಬಸಾಲ್ಟ್. ಅದೂ ಹಿಂದೆ ಹರಿದ ಲಾವಾವೇ. ಅದರಲ್ಲಿ ಯುರೇನಿಯಂ ಸಾಮಾನ್ಯವಾಗಿ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲೂ ಇರುವುದಿಲ್ಲ. ರಯೊಲೈಟ್ ಎಂಬ ತಿಳಿಬಣ್ಣದ ಲಾವಾದಲ್ಲಿ ಅದರ ಐದಾರು ಪಟ್ಟು ಇರಬಹುದು. ಬಸಾಲ್ಟಿನ ಮೇಲಿಂದ ರಯೊಲೈಟಿನ ಮೇಲೆ ವಿಮಾನ ಬಂದರೆ ಎಣಿಕೆ ಜಿಗಿಯುತ್ತದೆ. ಅದು ಗಣಿ ಅಲ್ಲ, ಕಲ್ಲು ಬದಲಾಗಿದೆ ಅಷ್ಟೇ. ಕಣಿವೆಯೊಳಗೆ ಹಾರಿದರೆ ಎರಡೂ ಬದಿಯ ಗೋಡೆಗಳಿಂದ ಕಿರಣ ಬಂದು ಎಣಿಕೆ ಏರುತ್ತದೆ, ಚೂಪು ಶಿಖರದ ಮೇಲೆ ಇಳಿಯುತ್ತದೆ. ಮೇಲಾಗಿ ವಿಮಾನಕ್ಕೆ ಕಾಣುವುದು ನೆಲದ ಮೇಲಿನ ಒಂದು ಮೊಳದಷ್ಟು ಮಾತ್ರ. ಅದರ ಮೇಲೆ ಬೂದಿಯೋ ಹೊಸ ಲಾವಾವೋ ಮುಚ್ಚಿದ್ದರೆ ಕೆಳಗಿನದು ಕಾಣುವುದೇ ಇಲ್ಲ. ಅದಕ್ಕೆ ಜೊತೆಗೆ ಕಾಂತತ್ವ ಅಳೆಯುವ ಯಂತ್ರವನ್ನೂ ಒಯ್ದು ಬಿರುಕುಗಳು ಎಲ್ಲಿವೆ ಅಂತ ಹುಡುಕುತ್ತಾರೆ. ಇಷ್ಟೆಲ್ಲ ಕಷ್ಟಪಡುವುದಕ್ಕೆ ಕಾರಣ ಇದೆ. ರಷ್ಯಾದ ಸ್ಟ್ರೆಲ್ತ್ಸೊವ್‌ಸ್ಕ ಎಂಬಲ್ಲಿ, ಕುಸಿದುಬಿದ್ದ ಒಂದು ಹಳೇ ಜ್ವಾಲಾಮುಖಿಯ ಬಾಣಲೆಯೊಳಗೇ ಯುರೇನಿಯಂನ ದೊಡ್ಡ ದೊಡ್ಡ ನಿಕ್ಷೇಪಗಳಿವೆ.

ಹೆಸ್ ಅವರ ಮುಂದಿನ ಬದುಕು ಸುಖದ್ದು ಅಂತ ಹೇಳಲಾರೆ. 1920ರಲ್ಲಿ ಬರ್ಟಾ ಎಂಬವರನ್ನು ಮದುವೆಯಾದರು. 1921ರಿಂದ 1923ರ ತನಕ ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಊರಿನ ರೇಡಿಯಂ ಕಂಪನಿಯಲ್ಲಿ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದರು. ಅದೇ ಊರಿನ ಅದೇ ಕಂಪನಿಯಲ್ಲಿ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣವನ್ನು ಗಡಿಯಾರಕ್ಕೆ ಬಳಿಯುತ್ತಿದ್ದ ಹುಡುಗಿಯರು ಕುಂಚವನ್ನು ತುಟಿಯಲ್ಲಿ ಚೂಪು ಮಾಡಿ ಮಾಡಿ, ದವಡೆ ಕೊಳೆತು ಸತ್ತರು. ಬದುಕಿದ್ದ ಐವರು 1927ರಲ್ಲಿ ಕೋರ್ಟಿಗೆ ಹೋದದ್ದು ದೊಡ್ಡ ಸುದ್ದಿಯಾಯಿತು. ಹೆಸ್ ಅಷ್ಟರಲ್ಲಿ ಗ್ರಾಜ್‌ಗೆ ವಾಪಸ್ ಬಂದಿದ್ದರು. ಆದರೆ ರೇಡಿಯಂ ಅವರನ್ನೂ ಬಿಡಲಿಲ್ಲ. ಸುಟ್ಟ ಗಾಯ ವಾಸಿಯಾಗದೆ 1934ರಲ್ಲಿ ಒಂದು ಹೆಬ್ಬೆರಳನ್ನು ಕತ್ತರಿಸಬೇಕಾಯಿತು. ಅಳೆಯುವ ಕೈ ಅದು.

1931ರಲ್ಲಿ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಹಾಫೆಲೆಕಾರ್ ಎಂಬ 2300 ಮೀಟರ್ ಎತ್ತರದ ಬೆಟ್ಟದ ಮೇಲೆ ವಿಶ್ವಕಿರಣ ಅಳೆಯುವ ಕೇಂದ್ರ ಕಟ್ಟಿದರು. ಮತ್ತೆ ಮತ್ತೆ ಬಲೂನು ಹತ್ತುವ ಗೋಜಿಲ್ಲ, ರೋಪ್‌ವೇಯಲ್ಲಿ ಹೋಗಿ ಬರಬಹುದಿತ್ತು. 1936ರಲ್ಲಿ ನೊಬೆಲ್ ಬಹುಮಾನ ಬಂತು. ಹಾರಿ 24 ವರ್ಷ ಆದ ಮೇಲೆ! ಅದನ್ನು ಕಾರ್ಲ್ ಆಂಡರ್ಸನ್ ಜೊತೆ ಹಂಚಿಕೊಂಡರು. ಆಂಡರ್ಸನ್ 1932ರಲ್ಲಿ ವಿಶ್ವಕಿರಣದ ಜಾಡಿನಲ್ಲೇ ಪಾಸಿಟ್ರಾನ್ ಕಂಡುಹಿಡಿದಿದ್ದರು.

ಆ ಸಂತೋಷ ಎರಡು ವರ್ಷವೂ ಉಳಿಯಲಿಲ್ಲ. 1938ರ ಮಾರ್ಚಿಯಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಹೆಸ್ ಕಟ್ಟಾ ಕ್ಯಾಥೊಲಿಕ್, ನಾಜಿಗಳಿಗೆ ತಲೆಬಾಗಿದವರಲ್ಲ. ಹೆಂಡತಿ ಯಹೂದಿ ಮೂಲದವರು. ಕೆಲಸ ಹೋಯಿತು. ಸ್ವೀಡನ್ನಿನಲ್ಲಿಟ್ಟಿದ್ದ ನೊಬೆಲ್ ಹಣವನ್ನು ಜರ್ಮನ್ ಸರಕಾರದ ಬಾಂಡಿಗೆ ಬದಲಾಯಿಸಿಕೊಳ್ಳುವಂತೆ ಬಲವಂತ ಮಾಡಿದರು. ಹಿಡಿಯಲು ಬರುತ್ತಾರೆ ಎಂಬ ಸುಳಿವು ಮೊದಲೇ ಸಿಕ್ಕಿದ್ದರಿಂದ ಗಂಡ ಹೆಂಡತಿ ಸ್ವಿಟ್ಜರ್ಲೆಂಡಿಗೆ ತಪ್ಪಿಸಿಕೊಂಡು, ಅಲ್ಲಿಂದ ಅಮೆರಿಕಕ್ಕೆ ಹೋದರು. ನ್ಯೂಯಾರ್ಕಿನ ಫೋರ್ಡಂ ವಿಶ್ವವಿದ್ಯಾಲಯ ಮೇಷ್ಟ್ರ ಕೆಲಸ ಕೊಟ್ಟಿತು. 55 ವರ್ಷದ ನೊಬೆಲ್ ವಿಜೇತ ಪರದೇಶದಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಿದರು. 1944ರಲ್ಲಿ ಅಲ್ಲಿನ ಪ್ರಜೆಯಾದರು.

ಹಿರೋಷಿಮಾದ ಮೇಲೆ ಬಾಂಬು ಬಿದ್ದ ಮಾರನೆಯ ವರ್ಷ, 1946ರಲ್ಲಿ, ಹೆಸ್ ಮತ್ತು ಪಾಲ್ ಲುಗರ್ ಸೇರಿ ಅಮೆರಿಕದ ಗಾಳಿಮಳೆಯಲ್ಲಿ ಬಾಂಬಿನ ವಿಕಿರಣ ಧೂಳು ಇದೆಯೇ ಅಂತ ಪರೀಕ್ಷೆ ಮಾಡಿದರು. ಆ ದೇಶದಲ್ಲಿ ಇಂಥ ಪರೀಕ್ಷೆ ಅದೇ ಮೊದಲು. ಮನುಷ್ಯನ ಮೈಯೊಳಗೆ ಸೇರಿದ ಅತಿ ಸ್ವಲ್ಪ ರೇಡಿಯಂ ಅನ್ನು ಗ್ಯಾಮಾ ಕಿರಣದಿಂದಲೇ ಪತ್ತೆ ಮಾಡುವ ವಿಧಾನವನ್ನೂ ರೂಪಿಸಿದರು. ಹೆಬ್ಬೆರಳು ಕಳೆದುಕೊಂಡವರಿಗೆ ಅದರ ಅಗತ್ಯ ಬೇರೆಯವರು ಹೇಳಬೇಕಿರಲಿಲ್ಲ. ಅಣುಬಾಂಬಿನ ಪರೀಕ್ಷೆಗಳನ್ನು ಅವರು ವಿರೋಧಿಸಿದರು.

ಕಲ್ಲಿನ ಕಿರಣ ಅಳೆಯುವ ಹಳೇ ಚಾಳಿ ಮಾತ್ರ ಬಿಡಲಿಲ್ಲ. ಎಂಪೈರ್ ಸ್ಟೇಟ್ ಕಟ್ಟಡದ ತುದಿಗೆ ಯಂತ್ರ ಒಯ್ದರು. ಹಾಗೆಯೇ ಮ್ಯಾನ್‌ಹಟನ್‌ನ ನೆಲದಡಿ ರೈಲಿನ 190ನೇ ಬೀದಿ ನಿಲ್ದಾಣಕ್ಕೂ ಇಳಿಸಿದರು. ಆ ನಿಲ್ದಾಣದ ಮೇಲೆ ಸುಮಾರು 160 ಅಡಿ ಬಂಡೆ ಇದೆ. ಆಕಾಶದ ಕಿರಣವನ್ನು ಬಂಡೆ ಬಹಳಷ್ಟು ತಡೆಯುತ್ತದೆ, ಆಗ ಕಲ್ಲಿನದು ಎಷ್ಟು ಅಂತ ಬೇರೆ ತೆಗೆದು ನೋಡಬಹುದು. ರೈಲು ಹತ್ತಲು ಇಳಿಯಲು ಬಂದ ಜನರ ನಡುವೆ ನೊಬೆಲ್ ಪಡೆದ ಮುದುಕರೊಬ್ಬರು ಪೆಟ್ಟಿಗೆ ಇಟ್ಟುಕೊಂಡು ಕೂತಿರುವುದನ್ನು ಊಹಿಸಿಕೊಳ್ಳಿ.

1955ರಲ್ಲಿ ಬರ್ಟಾ ತೀರಿಕೊಂಡರು. ಅವರ ಆರೈಕೆ ಮಾಡಿದ್ದ ಎಲಿಜಬೆತ್ ಅವರನ್ನು ಹೆಸ್ ಅದೇ ವರ್ಷ ಮದುವೆಯಾದರು. 1956ರಲ್ಲಿ ನಿವೃತ್ತರಾದರು. 1964ರ ಡಿಸೆಂಬರ್ 17ರಂದು ನ್ಯೂಯಾರ್ಕ್ ಹತ್ತಿರದ ಮೌಂಟ್ ವರ್ನಾನ್‌ನಲ್ಲಿ, 81ನೇ ವಯಸ್ಸಿನಲ್ಲಿ, ಕೊನೆಯುಸಿರೆಳೆದರು.

ನಮ್ಮ ರಾಜ್ಯಕ್ಕೂ ಅವರ ಕಿರಣಕ್ಕೂ ನಂಟಿದೆ. ಹೋಮಿ ಭಾಭಾ ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿಶ್ವಕಿರಣದ ಅಧ್ಯಯನಕ್ಕೆಂದೇ ಒಂದು ವಿಭಾಗ ನಡೆಸಿದರು. ಆಮೇಲೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಕೋಲಾರದ ಚಿನ್ನದ ಗಣಿಗೆ ಬಂದರು. ಹೆಸ್ ಮೇಲಕ್ಕೆ ಹೋಗಿದ್ದರು, ಇವರು ಕೆಳಕ್ಕೆ ಇಳಿದರು. 2 ಕಿಲೋಮೀಟರಿಗಿಂತ ಹೆಚ್ಚು ಆಳದಲ್ಲಿ, ಅಷ್ಟು ಬಂಡೆಯನ್ನೂ ತೂರಿ ಬರುವ ನ್ಯೂಟ್ರಿನೊ ಎಂಬ ಕಣದ ಗುರುತು ಅವರಿಗೆ ಸಿಕ್ಕಿತು. ವಿಶ್ವಕಿರಣ ಗಾಳಿಗೆ ಬಡಿದಾಗ ಹುಟ್ಟುವ ಕಣ ಅದು. ಅದು 1965, ಹೆಸ್ ತೀರಿಕೊಂಡ ಮರುವರ್ಷ.